ಹೆಣ್ಮಕ್ಕಳ ವಾಲಿಬಾಲ್ ನೇಷನ್ಸ್ ಲೀಗ್ ನೋಡೋದ್ ಹೆಂಗೆ: ಸ್ಕೂಲ್ ಟೀಮ್ ಇರೋರಿಗೆ ಒಂದ್ ಗೈಡು

ಮಂಡ್ಯ ಕಡೆ ವಾಲಿಬಾಲ್ ಗೊತ್ತಿಲ್ದೇ ಇರೋ ಊರೇ ಇಲ್ಲ ಬುಡಿ, ಲೈಟ್ ಹಾಕ್ಸಿ ರಾತ್ರಿಯೆಲ್ಲಾ ಟೂರ್ನಮೆಂಟ್ ಆಡ್ಸ್ತಾರೆ, ಆದ್ರೆ ಸುತ್ತ ನಿಂತಿರೋರು ಕಿರ್ಚೋದೆಲ್ಲಾ ಸ್ಮ್ಯಾಶ್‌ಗೆ ಮಾತ್ರ. ನಿಮ್ ಊರಿನ ಹೈಸ್ಕೂಲ್ ಹುಡ್ಗೀರಿಗೆ ಇಂಟರ್‌ನ್ಯಾಶನಲ್ ಮ್ಯಾಚ್ ತೋರ್ಸಿ ಆಟ ಕಲಿಸ್ಬೇಕು ಅಂತಿದ್ರೆ ಮೊದ್ಲು ಆ ಚಾಳಿ ಬಿಡ್ಸಿ. ಸ್ಮ್ಯಾಶ್‌ಗಿಂತ ಮುಂಚೆ ಬೀಳೋ ಎರಡು ಟಚ್ ನೋಡ್ಬೇಕು, ಸರ್ವಿಸ್ ಎತ್ತೋ ರಿಸೀವ್ ಒಂದು, ಹೊಡೆಯೋಳಿಗೆ ಬಾಲ್ ಎತ್ತಿಕೊಡೋ ಲಿಫ್ಟರ್ ಟಚ್ ಇನ್ನೊಂದು, ಆಟ ಇರೋದು ಅಲ್ಲೇ.

ಶುರು ಮಾಡೋಕೆ ಒಳ್ಳೇದು ನೇಷನ್ಸ್ ಲೀಗ್, ಎಲ್ರೂ ವಿಎನ್‌ಎಲ್ ಅಂತಾರಲ್ಲ ಅದು. 2018ರಲ್ಲಿ ಶುರುವಾಗಿದ್ದು, 2025ರಿಂದ 18 ದೇಶ ಆಡ್ತವೆ. ಇಂಡಿಯಾ ಇದ್ರಲ್ಲಿಲ್ಲ, ಬೇಜಾರೇ, ಏನ್ ಮಾಡೋದು. ಮೂರು ವಾರ ಮೂರು ಬೇರೆಬೇರೆ ಊರಲ್ಲಿ ಒಂದೊಂದ್ ಟೀಮು ವಾರಕ್ಕೆ ನಾಲ್ಕರಂಗೆ 12 ಮ್ಯಾಚ್ ಆಡುತ್ತೆ, ಆಮೇಲೆ ಎಂಟು ಟೀಮು ನಾಕೌಟ್‌ಗೆ. ಪಾಯಿಂಟ್ಸ್ ಟೇಬಲ್ ನೋಡಿ ತಲೆ ಕೆಡ್ಸ್ಕೋಬೇಡಿ, 3-0 ಇಲ್ಲ 3-1 ಗೆದ್ರೆ 3 ಪಾಯಿಂಟ್, ಐದ್ ಸೆಟ್ ಹೋದ್ರೆ ಗೆದ್ದೋರಿಗೆ 2 ಸೋತೋರಿಗೆ 1, ಆದ್ರೆ ಮೇಲೆ ಕೆಳಗೆ ಅನ್ನೋದು ಮೊದ್ಲು ಎಷ್ಟು ಮ್ಯಾಚ್ ಗೆದ್ರು ಅನ್ನೋದ್ರ ಮೇಲೇ ನಿಂತಿರೋದು.

ನೋಡೋದ್ ಎಲ್ಲಿ ಅಂದ್ರೆ, ಲೈವ್‌ಗೆ ಈ ಲೀಗ್ ನಡೆಸೋ ವಾಲಿಬಾಲ್ ವರ್ಲ್ಡ್‌ನೋರದ್ದೇ ಸ್ಟ್ರೀಮಿಂಗ್ ಇದೆ, ದುಡ್ ಕಟ್ಬೇಕು. ಬೇಡ ಅಂದ್ರೆ ಅವ್ರ ಯೂಟ್ಯೂಬ್ ಚಾನಲ್ಲಲ್ಲಿ ಹೈಲೈಟ್ಸ್ ಫ್ರೀ, ಹಳೇ ಮ್ಯಾಚ್ ಪೂರ್ತಿನೂ ಸಿಗ್ತವೆ, ಕಲಿಯೋಕೆ ಅಂತಾದ್ರೆ ಹಳೇ ಮ್ಯಾಚೇ ವಾಸಿ, ಬೇಕಾದ್ ಕಡೆ ನಿಲ್ಸಿ ತೋರಿಸ್ಬೋದು. ಲೈವೇ ಬೇಕು ಅನ್ನೋರು ಟೈಮ್ ಲೆಕ್ಕ ಹಾಕ್ಕೊಳಿ. ಥಾಯ್ಲೆಂಡಲ್ಲಿ ಸಂಜೆ 7 ಅಂದ್ರೆ ನಮಗೆ ಐದೂವರೆ, ಸ್ಕೂಲ್ ಬಿಟ್ಟ ಮೇಲೆ ಸರ್ಯಾಗಿ ಕೂರುತ್ತೆ, ಜಪಾನಲ್ಲಿ 7 ಅಂದ್ರೆ ಮಧ್ಯಾಹ್ನ ಮೂರೂವರೆ, ಟರ್ಕಿಲಿ 7 ಅಂದ್ರೆ ರಾತ್ರಿ ಒಂಬತ್ತೂವರೆ. ಬ್ರೆಜಿಲಲ್ಲಿ ರಾತ್ರಿ 9ರ ಮ್ಯಾಚು ನಮಗೆ ಬೆಳಗಿನ ಜಾವ ಐದೂವರೆಗೆ, ಹಾಲ್ ಕರೆಯೋ ಮನೆ ಹುಡ್ಗೀರಾದ್ರೆ ಅವ್ರು ಬರಲ್ಲ, ಬಿಟ್ಬಿಡಿ.

ಮೊದ್ಲು ಜಪಾನ್ ಮ್ಯಾಚ್ ಹಾಕಿ. ದೊಡ್ಡ ಟೀಮ್‌ಗಳ ಮುಂದೆ ಅವ್ರು ಕುಳ್ಳರೇ, ಆದ್ರೂ 2024ರಲ್ಲಿ ಬ್ಯಾಂಕಾಕಲ್ಲಿ ವಿಎನ್‌ಎಲ್ ಫೈನಲ್‌ವರ್ಗೂ ಬಂದು ಇಟಲಿ ಕೈಲಿ ಸೋತ್ರು. ಬಾಲ್ ಬೀಳೋಕೇ ಬಿಡಲ್ಲ, ರ್‍ಯಾಲಿ ಉದ್ದಕ್ಕೆ ಹೋಗುತ್ತೆ, ಕಣ್ಣಿಗೆ ಟೈಮ್ ಸಿಗುತ್ತೆ. ಗಂಡಸ್ರ ಮ್ಯಾಚಲ್ಲಿ ಸರ್ವಿಸ್, ಒಂದ್ ಸ್ಮ್ಯಾಶ್, ಮುಗೀತು, ಕಲಿಯೋರಿಗೆ ಅದ್ರಲ್ಲಿ ಏನೂ ಕಾಣಲ್ಲ ಅಂತ ನನ್ ಲೆಕ್ಕ.

ಈಗ ಮುಖ್ಯವಾದ ಕೆಲ್ಸ. ಒಬ್ಬೊಬ್ರಿಗೂ ಒಂದ್ ಪೇಪರ್ ಪೆನ್ ಕೊಡಿ, ಮೊದಲ್ನೇ ಸೆಟ್ ಪೂರ್ತಿ ಒಂದೇ ಟೀಮಿನ ರಿಸೀವ್ ಮಾತ್ರ ಬರೀಲಿ. ಸರ್ವಿಸ್ ಎತ್ತಿದ ಬಾಲ್ ಲಿಫ್ಟರ್ ನಿಂತಿರೋ ಜಾಗಕ್ಕೇ ನೀಟಾಗಿ ಹೋದ್ರೆ 3, ಲಿಫ್ಟರ್ ಎರಡ್ಮೂರು ಹೆಜ್ಜೆ ಓಡ್ಬೇಕಾದ್ರೆ 2, ಹೆಂಗೋ ಎತ್ತಿ ಸೈಡಿಗೆ ಎತ್ತರಕ್ಕೆ ಕೊಡೋದ್ ಬಿಟ್ಟು ಬೇರೆ ದಾರಿ ಇಲ್ಲ ಅಂದ್ರೆ 1, ನೇರ ಪಾಯಿಂಟೇ ಹೋದ್ರೆ 0. ದೊಡ್ಡ ಕೋಚ್‌ಗಳೂ ಇಂಥದ್ದೇ ಲೆಕ್ಕ ಇಡೋದು. ಪಕ್ಕದಲ್ಲಿ ಆ ಪಾಯಿಂಟ್ ಯಾರಿಗ್ ಬಂತು ಅಂತ ಟಿಕ್ ಹಾಕ್ಸಿ. ಸೆಟ್ ಮುಗ್ದ ಮೇಲೆ 3ರ ಸಾಲೂ 1ರ ಸಾಲೂ ಪಕ್ಕಪಕ್ಕ ಇಟ್ ನೋಡಿದ್ರೆ ಅವ್ರಿಗೇ ಗೊತ್ತಾಗುತ್ತೆ, ನೀವ್ ಭಾಷಣ ಮಾಡೋದೇ ಬೇಡ.

ಎರಡ್ನೇ ಸೆಟ್ಟಲ್ಲಿ ಲಿಫ್ಟರ್ ಮೇಲೆ ಕಣ್ಣು. ಸರ್ವಿಸ್ ಆಗೋ ಮುಂಚೆ ಅವ್ಳು ಮುಂದಿನ ಸಾಲೋ ಹಿಂದಿನ ಸಾಲೋ ಕೇಳಿ. ಹಿಂದಿದ್ರೆ ನೆಟ್ ಹತ್ರ ಮೂವರು ಅಟ್ಯಾಕರ್, ಮುಂದಿದ್ರೆ ಇಬ್ರೇ, ಆಗ ಹಿಂದಿನ ಸಾಲಿಂದ ಮೂರ್ ಮೀಟರ್ ಗೆರೆ ಹಿಂದೆ ಜಂಪ್ ಮಾಡಿ ಹೊಡೆಯೋಳು ಬೇಕಾಗುತ್ತೆ. ಬೇರೆ ಬಣ್ಣದ ಜೆರ್ಸಿಲಿ ಇರೋಳು ಲಿಬೆರೋ, ಬಾಲ್ ಎತ್ತೋಕೇ ಅಂತ ಹಿಂದಿನ ಸಾಲಲ್ಲಿ ಆಡೋಳು, ಅವ್ಳು ಬ್ಲಾಕ್ ಮಾಡಂಗಿಲ್ಲ, ನೆಟ್‌ಗಿಂತ ಮೇಲಿರೋ ಬಾಲ್ ಹೊಡೆಯಂಗಿಲ್ಲ. ಇನ್ನೊಂದು, ನಮ್ ಊರ್ ಮ್ಯಾಚಲ್ಲಿ ಜಗಳ ಆಗೋದು ಇದಕ್ಕೇ, ಬ್ಲಾಕಿಗೆ ತಾಗಿದ್ದು ಬಾಲ್ ಆಚೆ ಕಳ್ಸೋಕೆ ಟೀಮಿಗಿರೋ ಮೂರು ಟಚ್ ಲೆಕ್ಕಕ್ಕೆ ಬರಲ್ಲ, ಆಮೇಲೂ ಮೂರು ಟಚ್ ಇರುತ್ತೆ. ಕಾಲಲ್ಲಿ ಎತ್ತಿದ್ರೂ ಸರಿ, ಗೆರೆ ಮೇಲ್ ಬಿದ್ರೆ ಒಳಗೇ.

ಹೊಡೆಯೋರನ್ನ ನೋಡಲೇಬಾರ್ದಾ ಅಂದ್ರೆ, ನೋಡ್ಲಿ, ಇಟಲಿಯ ಪಾವೊಲಾ ಎಗೊನು, ಟರ್ಕಿಯ ಮೆಲಿಸಾ ವರ್ಗಾಸ್ ಹೊಡೆಯೋವಾಗ ಕಣ್ ಮುಚ್ಚಿ ಅನ್ನೋಕಾಗುತ್ತಾ. ಆದ್ರೆ 2025ರಲ್ಲಿ ಇಟಲಿ ವಿಎನ್‌ಎಲ್ಲೂ ವರ್ಲ್ಡ್ ಚಾಂಪಿಯನ್‌ಶಿಪ್ಪೂ ಎರಡೂ ಗೆದ್ದಾಗ ಬೆಸ್ಟ್ ಪ್ಲೇಯರ್ ಪ್ರೈಜ್ ಹೋಗಿದ್ದು ಯಾರಿಗೆ? ವಿಎನ್‌ಎಲ್ಲಲ್ಲಿ ಲಿಬೆರೋ ಮೋನಿಕಾ ಡೆ ಜೆನ್ನಾರೊ, ವರ್ಲ್ಡ್ ಚಾಂಪಿಯನ್‌ಶಿಪ್ಪಲ್ಲಿ ಲಿಫ್ಟರ್ ಅಲೆಸ್ಸಿಯಾ ಒರೊ. ಟೀಮಲ್ಲಿ ಎಲ್ರೂ ನಾನೇ ಹೊಡೀತೀನಿ ಅಂತ ಹಠ ಮಾಡ್ತಿದ್ರೆ ಇದೊಂದ್ ಹೇಳಿ ಸಾಕು.

ಆ ವರ್ಲ್ಡ್ ಚಾಂಪಿಯನ್‌ಶಿಪ್ ಫೈನಲ್ ಸಿಕ್ರೆ ತಪ್ಪದೇ ತೋರ್ಸಿ. ಇಟಲಿ ಗೆದ್ದಿದ್ದು ಟರ್ಕಿ ಮೇಲೆ 25-23, 13-25, 26-24, 19-25, 15-8. ಕೂಡಿ ನೋಡಿ, ಸೋತ ಟರ್ಕಿಗೆ 105 ಪಾಯಿಂಟು, ಗೆದ್ದ ಇಟಲಿಗೆ 98! 13ಕ್ಕೆ ಒಂದ್ ಸೆಟ್ ಬಿಟ್ಕೊಟ್ಟು ಮೂರ್ನೇ ಸೆಟ್ಟಿಗೆ ಹೆಂಗ್ ಇಳಿದ್ರು, ಅಲ್ಲಿ ರಿಸೀವ್ ಹೆಂಗಿತ್ತು, ಅದನ್ನ ಪೇಪರಲ್ಲಿ ಬರೆಸಿ.

ಮಾರನೇ ದಿನ ಗ್ರೌಂಡಲ್ಲಿ ನೆಟ್ಟನ್ನ 2.24 ಮೀಟರಿಗೆ ಕಟ್ಟಿ, ಇಂಟರ್‌ನ್ಯಾಶನಲ್ ಹೆಣ್ಮಕ್ಕಳ ಎತ್ತರ ಅದೇ, ಒಂದ್ಸಲ ಕೆಳಗೆ ನಿಂತು ನೋಡ್ಲಿ, ಆಮೇಲ್ ಇಳಿಸ್ಕೊಳಿ. ಸ್ಮ್ಯಾಶ್ ಬೇಡ, ಬರೀ ಸರ್ವಿಸ್ಸು ರಿಸೀವ್ವು, ಒಬ್ಳು ಹೊರಗೆ ಕೂತು 3-2-1-0 ಬರೀಲಿ. ದಸರಾ ಟೈಮಲ್ಲಿ ಮೈಸೂರಲ್ಲಿ ಸಿಎಂ ಕಪ್ ಕ್ರೀಡಾಕೂಟ ಇರುತ್ತಲ್ಲ, ರಾಜ್ಯದ ಎಲ್ಲಾ ಕಡೆಯಿಂದ ಟೀಮ್ ಬರ್ತವೆ, ಹೆಣ್ಮಕ್ಕಳ ವಾಲಿಬಾಲ್ ಯಾವತ್ತು ಅಂತ ಮುಂಚೇನೇ ವಿಚಾರಿಸ್ಕೊಂಡು ಹುಡ್ಗೀರ್ನ ಕರ್ಕೊಂಡ್ ಹೋಗಿ, ಸೈಡಲ್ಲಿ ಕೂರ್ಬೇಡಿ, ಕೋರ್ಟಿನ ಹಿಂದ್ಗಡೆ ಕೂತ್ಕೊಳಿ, ರಿಸೀವ್ ಮಾಡೋರ ಕಾಲು ಅಲ್ಲಿಂದಾನೇ ಸರ್ಯಾಗಿ ಕಾಣೋದು.