ಕೆಂಪು ರಕ್ತಕಣ ಎಷ್ಟು ಮೆತ್ತಗಿದೆ: ವಿಜಯಪುರದ ಬೇಸಿಗೆಯಲ್ಲಿ ಅಳೆದ ಅನುಭವ

ಕೆಂಪು ರಕ್ತಕಣದ ಅಗಲ 7ರಿಂದ 8 ಮೈಕ್ರೋಮೀಟರ್ (ಒಂದು ಮೈಕ್ರೋಮೀಟರ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ರಕ್ತ ಸೋಸುವ ಗುಲ್ಮದಲ್ಲಿ (ಸ್ಪ್ಲೀನ್) ಅದು ನುಸುಳಬೇಕಾದ ಸಂದಿನ ಅಗಲ 1 ಮೈಕ್ರೋಮೀಟರ್ ಆಸುಪಾಸು ಅಷ್ಟೇ. ಮೆತ್ತಗಿದ್ದರೆ ದಾಟುತ್ತದೆ, ಬಿರುಸಾಗಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕಣ ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ಕಾಯಿಲೆ, ಚೆಂಡಿನಂತೆ ಉರುಟಾಗುವ ಸ್ಫೆರೊಸೈಟೋಸಿಸ್, ಮಲೇರಿಯಾ ಮೂರರಲ್ಲೂ ಕೆಡುವುದು ಈ ಮೆತ್ತನೆ ಗುಣವೇ. ಅದನ್ನು ಕಣ್ಣಾರೆ ನೋಡಿ ಅಳೆಯಬೇಕು ಅಂತ ನನಗೆ ಬಹಳ ಆಸೆಯಿತ್ತು.

ನಮ್ಮಲ್ಲಿ ದುಬಾರಿ ಯಂತ್ರ ಇರಲಿಲ್ಲ. ಹಾಗಾಗಿ ಹಳೆಯ ದಾರಿ ಹಿಡಿದೆ, ಮೈಕ್ರೋಪಿಪೆಟ್. ಗಾಜಿನ ನಳಿಗೆಯನ್ನು ಕಾಯಿಸಿ ಎಳೆದು, ತುದಿಯ ತೂತು ಸುಮಾರು 1.5 ಮೈಕ್ರೋಮೀಟರ್ ಇರುವ ಹಾಗೆ ಮಾಡಿಕೊಳ್ಳುವುದು, ಅದರ ಹಿಂದೆ ಒಂದು ಪೈಪು, ಪೈಪಿನ ಕೊನೆಗೆ ನೀರಿನ ಡಬ್ಬಿ. ಡಬ್ಬಿಯನ್ನು 1 ಮಿ.ಮೀ. ಕೆಳಗಿಳಿಸಿದರೆ 9.8 ಪ್ಯಾಸ್ಕಲ್ (ಒತ್ತಡದ ಅಳತೆ) ಎಳೆತ. ಕಣದ ಪೊರೆ ನಾಲಿಗೆಯ ಹಾಗೆ ಗಾಜಿನೊಳಗೆ ಜಾರಿ ಬರುತ್ತದೆ. ಎಳೆತ ಹೆಚ್ಚಿಸಿದಂತೆ ನಾಲಿಗೆ ಎಷ್ಟು ಉದ್ದವಾಯಿತು ಎಂದು ಬರೆದುಕೊಳ್ಳುತ್ತಾ ಹೋದರೆ ಪೊರೆಯ ಬಿಗಿ ಲೆಕ್ಕಕ್ಕೆ ಸಿಗುತ್ತದೆ. ಮೊದಲ ಸಲ ಆ ನಾಲಿಗೆ ಕಂಡಾಗ ನಾನು ಸುಮಾರು ಹೊತ್ತು ಮೈಕ್ರೋಸ್ಕೋಪ್ ಬಿಟ್ಟು ಏಳಲಿಲ್ಲ.

ತೊಂದರೆ ಶುರುವಾಗಿದ್ದು ಏಪ್ರಿಲ್‌ನಲ್ಲಿ. ಆರೋಗ್ಯವಾಗಿರುವ ಗೆಳೆಯನ ರಕ್ತ, ಮೊದಲ ಐದು ಕಣ ಸರಿಯಾಗಿದ್ದವು, ಇಪ್ಪತ್ತನೆಯದಕ್ಕೆ ಬರುವಷ್ಟರಲ್ಲಿ ಎಲ್ಲಾ ಬಿರುಸು. ಪಿಪೆಟ್ ಬದಲಿಸಿದೆ. ಕಣ ಗಾಜಿಗೆ ಅಂಟದಿರಲೆಂದು ಹಾಕುವ ಆಲ್ಬುಮಿನ್ ಎಂಬ ಪ್ರೋಟೀನಿನ ದ್ರಾವಣ ಹೊಸದಾಗಿ ಮಾಡಿದೆ. ಮರುದಿನವೂ ಅದೇ ಕಥೆ. ಆಗ ವರ್ಷಗಟ್ಟಲೆ ಸ್ಲೈಡ್ ಮಾಡಿ ಪಳಗಿದ ನಮ್ಮ ಹಿರಿಯ ಟೆಕ್ನಿಶಿಯನ್ ಇಣುಕಿ ನೋಡಿ, "ಸರ್, ಮೊದಲ ಫ್ಯಾನ್ ಬಂದ್ ಮಾಡ್ರಿ, ನೀರು ಆರಾಕತ್ತೈತಿ" ಅಂದರು.

ಹೌದು! ಕಣದ ಅಂಚಿನಲ್ಲಿ ಸಣ್ಣ ಸಣ್ಣ ಮುಳ್ಳು ಎದ್ದಿದ್ದವು, ನಾನು ಬರೀ ನಾಲಿಗೆ ನೋಡುತ್ತಾ ಕೂತಿದ್ದೆ. ಒಣ ಸೆಖೆಗೆ ಕಣಗಳು ತೇಲುವ ಉಪ್ಪುನೀರಿನ ಹನಿ ಆರುತ್ತಾ ಅದರಲ್ಲಿ ಉಪ್ಪಿನ ಪ್ರಮಾಣ ಏರುತ್ತದೆ, ಅದು ಕಣದೊಳಗಿನ ನೀರನ್ನು ಹೊರಗೆಳೆಯುತ್ತದೆ, ಒಳಗಿನ ಹಿಮೋಗ್ಲೋಬಿನ್ ದಟ್ಟವಾಗಿ ಕಣ ಬಿರುಸಾಗುತ್ತದೆ. ನಾದಿದ ಜೋಳದ ಹಿಟ್ಟು ಗಾಳಿಗೆ ಬಿಟ್ಟರೆ ರೊಟ್ಟಿ ಬಡಿಯುವಾಗ ಬಿರಿಯುತ್ತದಲ್ವಾ, ಹಾಗೆ. ಕಾಯಿಲೆಯವರ ರಕ್ತವಾಗಿದ್ದರೆ ನಾನು ಅದನ್ನೇ ರೋಗ ಅಂತ ಬರೆದುಬಿಡುತ್ತಿದ್ದೆ. ಅದನ್ನು ನೆನೆದರೆ ಈಗಲೂ ಭಯವಾಗುತ್ತದೆ.

ಈಗ ಹನಿಯ ತೆರೆದ ಅಂಚಿಗೆ ಮಿನರಲ್ ಆಯಿಲ್ ಸುತ್ತುತ್ತೇನೆ. ಫ್ಯಾನ್ ಬಂದ್. ಅದು ಮೇಜನ್ನೂ ನಡುಗಿಸುತ್ತಿತ್ತು, ಆ ತೊಂದರೆಯೂ ತಪ್ಪಿತು. 20 ನಿಮಿಷಕ್ಕೊಮ್ಮೆ ಹೊಸ ಹನಿ, ನಡುನಡುವೆ ಆರೋಗ್ಯವಂತರ ಕಣ ಅಳೆದು ಹೋಲಿಸುವುದು, ಪ್ರತಿ ಸಾಲಿಗೂ ಕೋಣೆಯ ಉಷ್ಣಾಂಶ ಬರೆಯುವುದು. ಅಂಚಿನಲ್ಲಿ ಒಂದು ಮುಳ್ಳು ಕಂಡರೂ ಸಾಕು, ಎಷ್ಟೇ ಕಣ ಬಾಕಿ ಇದ್ದರೂ ಆ ಹನಿ ಚೆಲ್ಲಿಬಿಡುತ್ತೇನೆ.