ಎಂಟಿಂಚಿನ ಬ್ಲಾಕಿನಲ್ಲಿ ಈಜುಕೊಳ: ನನ್ನ ಅನುಭವ

ಪುತ್ತೂರು ಕಡೆಯ ತೋಟದ ಮನೆಯಲ್ಲಿ ಈಜುಕೊಳ ಕಟ್ಟುತ್ತೇನೆ ಅಂದರೆ ಮೊದಲು ಬರುವ ಮಾತು, “ಕೆರೆ ಇದೆಯಲ್ಲ ಮಾರಾಯ್ರೇ, ಮತ್ತೆ ಇದು ಯಾಕೆ?” ಕೆರೆ ಇದೆ. ನಾನು ಈಜು ಕಲಿತದ್ದೂ ಅದರಲ್ಲೇ. ಆದರೆ ತಳ ಕಾಣದ ಕೆರೆಗೆ ಮಕ್ಕಳನ್ನು ಇಳಿಸಲು ನನಗೆ ಧೈರ್ಯ ಇಲ್ಲ. ಬೇಸಗೆಯಲ್ಲಿ ಈಜುವ ಆಸೆ ಜಾಸ್ತಿ, ಅದೇ ಹೊತ್ತಿಗೆ ಕೆರೆಯ ನೀರೆಲ್ಲ ಅಡಿಕೆಗೆ ಬೇಕು.

ಪೇಟೆಯಲ್ಲಿ ಈಜುಕೊಳ ಕಟ್ಟುವವರು ಹೆಚ್ಚಾಗಿ ಕಬ್ಬಿಣದ ಬಲೆ ಕಟ್ಟಿ, ಯಂತ್ರದಲ್ಲಿ ಕಾಂಕ್ರೀಟ್ ಚಿಮ್ಮಿಸುತ್ತಾರೆ. ಗನೈಟ್ ಅನ್ನುತ್ತಾರೆ ಅದಕ್ಕೆ. ಒಳ್ಳೆಯ ಕ್ರಮವೇ. ಆದರೆ ಇಷ್ಟು ಸಣ್ಣ ಕೊಳಕ್ಕೆ ಆ ಯಂತ್ರವನ್ನೂ ಆ ಜನರನ್ನೂ ಇಲ್ಲಿಯವರೆಗೆ ಕರೆಸುವುದು ದುಬಾರಿ. ಫೈಬರಿನ ರೆಡಿಮೇಡ್ ತೊಟ್ಟಿ ಹೊತ್ತ ಲಾರಿ ನಮ್ಮ ರಸ್ತೆಯ ತಿರುವಿನಲ್ಲಿ ತಿರುಗುವುದೇ ಇಲ್ಲ. ಎರಡೂ ಬದಿಗೆ ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿಯಾಗುವವರೆಗೆ ಹಿಡಿದಿಡುವ ಹಲಗೆ) ಹೊಡೆದು, ಕಬ್ಬಿಣ ಸೇರಿದ ಕಾಂಕ್ರೀಟಿನ ಆರ್‌ಸಿಸಿ ಗೋಡೆ ಎಬ್ಬಿಸಬಹುದಿತ್ತು. ಅದಕ್ಕೆ ಬೇಕಾದ ಹಲಗೆ, ಕೂಲಿ ಎರಡೂ ಬ್ಲಾಕಿಗಿಂತ ಜಾಸ್ತಿ. ಕಾಂಕ್ರೀಟ್ ಬ್ಲಾಕ್ ಹತ್ತಿರದಲ್ಲೇ ಸಿಗುತ್ತದೆ, ಕಟ್ಟಲು ನಮ್ಮ ಮೇಸ್ತ್ರಿ ಇದ್ದಾರೆ. ಹಾಗಾಗಿ ಎಂಟಿಂಚು ದಪ್ಪದ ಟೊಳ್ಳು ಬ್ಲಾಕ್.

“ಮನೆಯೇ ಕೆಂಪುಕಲ್ಲಿನದ್ದು, ಕೊಳಕ್ಕೂ ಅದೇ ಸಾಕಲ್ವಾ?” ಅಂದವರೂ ಇದ್ದಾರೆ. ಕೆಂಪುಕಲ್ಲಿನ ಮೈಯೆಲ್ಲ ಸಣ್ಣ ತೂತು, ನೀರು ಹೀರುತ್ತದೆ. ಅದಕ್ಕಿಂತ ಮುಖ್ಯವಾಗಿ ಅದರೊಳಗೆ ಸರಳು ಇಳಿಸಲು ದಾರಿ ಇಲ್ಲ. ಟೊಳ್ಳು ಬ್ಲಾಕ್ ತೆಗೆದುಕೊಳ್ಳುವುದೇ ಅದರೊಳಗಿನ ತೂತಿಗಾಗಿ. ಕೊಳದ ಗೋಡೆ ಅಂದರೆ ಆ ತೂತಿನಲ್ಲಿ ನಿಂತ ಕಬ್ಬಿಣ ಮತ್ತು ಕಾಂಕ್ರೀಟ್. ಬ್ಲಾಕ್ ಅನ್ನುವುದು ಬಿಚ್ಚದೆ ಅಲ್ಲೇ ಬಿಟ್ಟ ಸೆಂಟ್ರಿಂಗ್ ಅಷ್ಟೇ. ಇದನ್ನು ಮೇಸ್ತ್ರಿಗೆ ಒಪ್ಪಿಸಲು ನನಗೆ ಸಾಕುಬೇಕಾಯಿತು. “ಕಂಪೌಂಡ್ ಗೋಡೆಗೆ ಇದೇ ಬ್ಲಾಕ್, ಎಷ್ಟು ಗಟ್ಟಿ ನಿಂತಿದೆ ನೋಡಿ. ಇಷ್ಟು ಕಬ್ಬಿಣ ಸುಮ್ನೆ ದಂಡ” ಅಂತ ಅವರ ವಾದ.

ಕಂಪೌಂಡನ್ನು ಯಾರೂ ತಳ್ಳುವುದಿಲ್ಲ, ಕೊಳದ ಗೋಡೆಯನ್ನು ನೀರು ಹಗಲೂ ರಾತ್ರಿ ತಳ್ಳುತ್ತದೆ. ಲೆಕ್ಕ ಸುಲಭ. ನೀರಿನ ಆಳ 1.25 ಮೀಟರ್ ಇದ್ದರೆ ಬುಡದಲ್ಲಿ ಪ್ರತಿ ಚದರ ಮೀಟರಿಗೆ 1250 ಕಿಲೋ ಒತ್ತಡ. ಮೇಲೆ ಬಂದ ಹಾಗೆ ಅದು ಕಡಿಮೆಯಾಗುತ್ತದೆ. ಒಟ್ಟು ಸೇರಿಸಿದರೆ ಒಂದು ಮೀಟರ್ ಉದ್ದದ ಗೋಡೆಯ ಮೇಲೆ ಸುಮಾರು 780 ಕಿಲೋ. ಎಂಟು ಮೀಟರ್ ಗೋಡೆಗೆ ಆರು ಟನ್ನಿಗೂ ಜಾಸ್ತಿ. ಗೋಡೆಯ ತಲೆ ಹಿಡಿದುಕೊಳ್ಳಲು ಮೇಲೆ ಚಾವಣಿ ಇಲ್ಲ, ಎಲ್ಲವನ್ನೂ ಬುಡವೇ ತಡೆಯಬೇಕು. ಗಾರೆಯಲ್ಲಿ ಅಂಟಿಸಿದ ಬರೀ ಬ್ಲಾಕಿಗೆ ಅದು ಆಗದ ಕೆಲಸ.

ನಮ್ಮ ಕೊಳ ಒಳ ಅಳತೆಯಲ್ಲಿ 8 ಮೀಟರ್ ಉದ್ದ, 4 ಮೀಟರ್ ಅಗಲ. ಆಳ ಎಲ್ಲ ಕಡೆ ಒಂದೇ, 1.25 ಮೀಟರ್. ನೀರು 40,000 ಲೀಟರ್. ಒಂದು ಬದಿ ಆಳ ಮಾಡಿ ಅಂತ ಬಹಳ ಜನ ಹೇಳಿದರು. ಮನೆಯ ಕೊಳದಲ್ಲಿ ಯಾರೂ ತಲೆಕೆಳಗಾಗಿ ಹಾರಬಾರದು, ದೊಡ್ಡವರು ಎಲ್ಲಿ ಬೇಕಾದರೂ ಕಾಲೂರಿ ನಿಲ್ಲುವಂತಿರಬೇಕು ಅನ್ನುವುದು ನನ್ನ ಅಭಿಪ್ರಾಯ. ನೆಲ ಸಮ ಇದ್ದರೆ ಬ್ಲಾಕಿನ ಸಾಲೂ ಸಮ ಬರುತ್ತದೆ. ಏಳು ಸಾಲು, ಗೋಡೆಯ ಎತ್ತರ 1.4 ಮೀಟರ್. ನಕ್ಷೆ ಮಾತ್ರ ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಮಾಡಿಸಿದೆ. ಅದಕ್ಕೆ ಕೊಟ್ಟ ಹಣದಲ್ಲಿ ಒಂದು ರೂಪಾಯಿಯೂ ವ್ಯರ್ಥ ಆಗಲಿಲ್ಲ.

ಗುಂಡಿ ತೋಡಿದ್ದು ಜೆಸಿಬಿ. ಗೋಡೆಯ ಹೊರಗೆ ಮನುಷ್ಯ ಬಗ್ಗಿ ಕೆಲಸ ಮಾಡುವಷ್ಟು ಜಾಗ ಬಿಟ್ಟು ಅಗಲವಾಗಿಯೇ ತೋಡಿಸಿ. ಜಾಗ ಉಳಿಸಲು ಹೋದರೆ ಆಮೇಲೆ ಹೊರಮೈಗೆ ಸಾರಣೆ ಮಾಡಲಿಕ್ಕಾಗುವುದಿಲ್ಲ.

ನಿಜವಾದ ತಲೆಬಿಸಿ ಹೊರಗಿನ ನೀರಿನದ್ದು. ನಮ್ಮಲ್ಲಿ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಬಾವಿಯ ನೀರು ಕಟ್ಟೆಯ ಹತ್ತಿರ ಬರುತ್ತದೆ. ಅಂದರೆ ಕೊಳದ ಸುತ್ತಲಿನ ಮಣ್ಣಿನಲ್ಲೂ ನೀರು ಅಷ್ಟೇ ಎತ್ತರಕ್ಕೆ ಬರಬಹುದು. ಖಾಲಿ ಚೆಂಬನ್ನು ಹಂಡೆಯ ನೀರಿನೊಳಗೆ ಒತ್ತಿ ನೋಡಿ, ಅದು ಕೈಯನ್ನೇ ಮೇಲೆ ತಳ್ಳುತ್ತದೆ. ಖಾಲಿ ಕೊಳದ ಕಥೆಯೂ ಅದೇ. ನಮ್ಮ ನೆಲದ ಕಾಂಕ್ರೀಟ್ 20 ಸೆಂಟಿಮೀಟರ್ ದಪ್ಪ. ಕಬ್ಬಿಣ ಸೇರಿದ ಕಾಂಕ್ರೀಟ್ ನೀರಿನ ಎರಡೂವರೆ ಪಟ್ಟು ಭಾರ. ಹಾಗಾದರೆ ಆ ನೆಲ ತನ್ನ ಭಾರದಿಂದ ತಡೆಯುವುದು 50 ಸೆಂಟಿಮೀಟರ್ ನೀರನ್ನು ಮಾತ್ರ. ಅದಕ್ಕಿಂತ ಮೇಲೆ ಹೊರಗಿನ ನೀರು ಬಂದರೆ ನೆಲದ ನಡುಭಾಗ ಉಬ್ಬಲು ನೋಡುತ್ತದೆ. ಗೋಡೆಗಳ ಭಾರ ಸೇರಿಸಿದರೂ ಹೊರಗಿನ ನೀರು ಒಂದು ಮೀಟರ್ ದಾಟಿತು ಅಂದರೆ ಇಡೀ ಕೊಳವೇ ಏಳುವ ಅಪಾಯ. ಒಳಗೆ ನೀರು ತುಂಬಿದ್ದರೆ ಈ ಹೆದರಿಕೆ ಇಲ್ಲ. ಅದಕ್ಕೇ ಮಳೆಗಾಲದಲ್ಲಿ ನಾವು ಕೊಳ ಖಾಲಿ ಮಾಡುವುದಿಲ್ಲ. ಕ್ಲೀನ್ ಮಾಡಬೇಕಾದರೆ ಮಾರ್ಚಿನಲ್ಲಿ.

ಅಷ್ಟಕ್ಕೇ ಬಿಡಲಿಲ್ಲ. ಜಾಗ ಇಳಿಜಾರಿನಲ್ಲಿ ಇರುವುದು ಲಾಭವಾಯಿತು. ನೆಲದ ಕೆಳಗೆ ದಪ್ಪ ಜಲ್ಲಿ ಹಾಸಿ, ಸುತ್ತಲೂ ತೂತು ಕೊರೆದ ನಾಲ್ಕಿಂಚಿನ ಪಿವಿಸಿ ಪೈಪ್ ಇಟ್ಟೆವು. ಕೆಸರು ಒಳಗೆ ಹೋಗದ ಹಾಗೆ ಅದಕ್ಕೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಸುತ್ತಿ, ಕೊನೆಯನ್ನು ಕೆಳಗಿನ ತೋಟದ ತೋಡಿಗೆ ಬಿಟ್ಟೆವು. ಪಂಪ್ ಬೇಡ, ನೀರು ತನ್ನಷ್ಟಕ್ಕೇ ಹೋಗುತ್ತದೆ. ನೆಲದ ಚರಂಡಿ ಗುಂಡಿಯಲ್ಲಿ ಒಂದು ಹೈಡ್ರೋಸ್ಟ್ಯಾಟಿಕ್ ವಾಲ್ವ್ ಇದೆ. ಹೊರಗಿನ ಒತ್ತಡ ಜಾಸ್ತಿಯಾದರೆ ಅದು ತೆರೆದು ನೀರನ್ನು ಒಳಗೆ ಬಿಡುತ್ತದೆ. ಇನ್ನೊಂದು ಅಗ್ಗದ ಉಪಾಯ: ಗೋಡೆಯ ಪಕ್ಕದಲ್ಲಿ ಒಂದು ಪೈಪನ್ನು ನೆಟ್ಟಗೆ ಜಲ್ಲಿಯವರೆಗೆ ಇಳಿಸಿದ್ದೇವೆ. ಅದರೊಳಗೆ ಕೋಲು ಬಿಟ್ಟರೆ ಹೊರಗಿನ ನೀರು ಎಷ್ಟು ಎತ್ತರ ಇದೆ ಅಂತ ಒದ್ದೆಯಾದ ಗುರುತೇ ಹೇಳುತ್ತದೆ.

ಇನ್ನು ಕಟ್ಟಿದ ವಿಷಯ. ಬ್ಲಾಕ್ 39 ಸೆಂಟಿಮೀಟರ್ ಉದ್ದ, ಒಂದು ಸೆಂಟಿಮೀಟರ್ ಗಾರೆ, ಒಟ್ಟು 40. ಒಂದೊಂದರಲ್ಲಿ ಎರಡು ತೂತು. ಹಾಗಾಗಿ ನೆಲದಿಂದ ಏಳುವ ಸರಳು ಸರಿಯಾಗಿ 20 ಸೆಂಟಿಮೀಟರಿಗೊಂದು ಬರಬೇಕು. ಕಬ್ಬಿಣ ಕಟ್ಟುವ ಮೊದಲು ನೆಲದ ಅಡಿಯ ಬೆಡ್ ಕಾಂಕ್ರೀಟಿನ ಮೇಲೆ ಗಾರೆಯಿಲ್ಲದೆ ಒಂದು ಸಾಲು ಬ್ಲಾಕ್ ಜೋಡಿಸಿ, ಪ್ರತಿ ತೂತಿನ ನಡುವಿಗೂ ಬಣ್ಣದಲ್ಲಿ ಗುರುತು ಹಾಕಿದೆವು. ಆಮೇಲೆ ಬ್ಲಾಕ್ ತೆಗೆದು ಕಬ್ಬಿಣದವರಿಗೆ ಜಾಗ ಬಿಟ್ಟೆವು. ಮೂಲೆಯಲ್ಲಿ ಬ್ಲಾಕ್ ಹೇಗೆ ತಿರುಗುತ್ತದೆ ಅನ್ನುವುದೂ ಆಗಲೇ ಗೊತ್ತಾಗುತ್ತದೆ.

ಸರಳು 12 ಎಂಎಂ. ನೆಲದಿಂದ ಮೇಲೆ 60 ಸೆಂಟಿಮೀಟರ್ ಮಾತ್ರ ಬಿಟ್ಟದ್ದು. ಪೂರ್ತಿ ಎತ್ತರಕ್ಕೆ ಬಿಟ್ಟರೆ ಪ್ರತಿ ಬ್ಲಾಕನ್ನೂ ಎದೆಮಟ್ಟಕ್ಕೆ ಎತ್ತಿ ಸರಳಿಗೆ ಪೋಣಿಸಬೇಕು. ಕೆಲಸದವರ ಸೊಂಟ ಹೋಗುತ್ತದೆ, ಕೆಳಗಿನ ಗಾರೆಯೂ ಅಲುಗುತ್ತದೆ. ಮೇಲಿನ ಸರಳನ್ನು ಗೋಡೆ ಎದ್ದ ಮೇಲೆ ತೂತಿನಲ್ಲಿ ಇಳಿಸಿ ಕೆಳಗಿನದಕ್ಕೆ 60 ಸೆಂಟಿಮೀಟರ್ ಜೋಡಿಯಾಗುವಂತೆ ನಿಲ್ಲಿಸಿದರೆ ಆಯಿತು. ನೀರು ತುಂಬಿದಾಗ ಗೋಡೆ ಹೊರಕ್ಕೆ ಬಾಗಲು ನೋಡುತ್ತದೆ, ಆಗ ಎಳೆತ ಒಳಮೈಗೆ. ಖಾಲಿ ಇದ್ದಾಗ ಮಣ್ಣು ಒಳಕ್ಕೆ ತಳ್ಳುತ್ತದೆ, ಆಗ ಎಳೆತ ಹೊರಮೈಗೆ. ಎಂಟಿಂಚಿನ ಬ್ಲಾಕಿನಲ್ಲಿ ಎರಡು ಸಾಲು ಸರಳಿಗೆ ಜಾಗ ಸಾಲದು. ಅದಕ್ಕೆ ನಡುವಿನಲ್ಲಿ ಒಂದೇ ಸಾಲು, ಆದರೆ ಒಂದು ತೂತನ್ನೂ ಬಿಡದೆ. ಅಡ್ಡಕ್ಕೆ ಎರಡು ಸಾಲಿಗೊಮ್ಮೆ 10 ಎಂಎಂ ಸರಳು. ಅದು ಕೂರಲು ಬ್ಲಾಕಿನ ಒಳಗಿನ ಅಡ್ಡಗೋಡೆಯನ್ನು ಕಟ್ಟರಿನಲ್ಲಿ ಕತ್ತರಿಸಬೇಕು. ಮೂಲೆಗೆ ಎಲ್ ಆಕಾರದ ಸರಳು.

ನೆಲವನ್ನು ಒಂದೇ ದಿನ, ಎಲ್ಲೂ ನಿಲ್ಲಿಸದೆ ಹಾಕಿಸಿದೆವು. ನೆಲಕ್ಕೂ ಗೋಡೆಗೂ ಸೇರುವ ಜಾಗವೇ ಸೋರುವ ಜಾಗ. ಮೊದಲ ಸಾಲಿನ ಅಡಿಗೆ ನೀರು ತಾಗಿದರೆ ಊದಿಕೊಳ್ಳುವ ವಾಟರ್‌ಸ್ಟಾಪ್ ಪಟ್ಟಿ ಹಾಕಿ, ಕಾಂಕ್ರೀಟಿನ ಮೈಯನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ ಒರಟು ಮಾಡಿದೆವು.

ತೂತು ತುಂಬುವ ಕೆಲಸ ನೋಡಲು ಏನೂ ಅಲ್ಲ, ಆದರೆ ಇಡೀ ಕೊಳ ನಿಂತಿರುವುದು ಅದರ ಮೇಲೆ. ಬ್ಲಾಕ್ ಕಟ್ಟುವಾಗ ಗಾರೆ ಒಳಗೆ ಬಿದ್ದು ಬುಡದಲ್ಲಿ ಗಟ್ಟಿಯಾಗುತ್ತದೆ. ಅದರ ಮೇಲೆ ಕಾಂಕ್ರೀಟ್ ಸುರಿದರೆ, ಒತ್ತಡ ಎಲ್ಲಕ್ಕಿಂತ ಜಾಸ್ತಿ ಇರುವ ಬುಡದಲ್ಲೇ ಗೋಡೆ ಬಡಕಲು. ಆದ್ದರಿಂದ ಕೆಳಗಿನ ಸಾಲಿನ ಬ್ಲಾಕುಗಳಿಗೆ ಒಳಬದಿಯಲ್ಲಿ ಸಣ್ಣ ಕಿಂಡಿ ಕತ್ತರಿಸಿ ಇಟ್ಟಿದ್ದೆವು. ಪ್ರತಿ ಸಂಜೆ ಕೈ ಹಾಕಿ ಬಿದ್ದ ಗಾರೆ ತೆಗೆಯುವುದು, ನೀರು ಹೊಡೆದು ತೊಳೆಯುವುದು. ತುಂಬುವ ದಿನ ಕಿಂಡಿಗೆ ಹಲಗೆ ಒತ್ತಿ ಮುಚ್ಚಿದೆವು. ಇಪ್ಪತ್ತು ಎಂಎಂ ಜಲ್ಲಿ ಆ ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ. ಬೇಬಿ ಜಲ್ಲಿ ಹಾಕಿ, ಸ್ವಲ್ಪ ತೆಳ್ಳಗೆ ಕಲಸಿ, ಬಾಂಡ್ಲಿಯಿಂದ ಸುರಿದು ಸರಳಿನಲ್ಲಿ ಕುತ್ತುತ್ತಾ ಹೋಗಬೇಕು. ನಾಲ್ಕು ಸಾಲಿಗೆ ಒಮ್ಮೆ, ಉಳಿದ ಮೂರಕ್ಕೆ ಇನ್ನೊಮ್ಮೆ. ಮೊದಲ ಸಲ ನಿಲ್ಲಿಸುವಾಗ ಬ್ಲಾಕಿನ ಬಾಯಿಗೆ ಸರಿಯಾಗಿ ನಿಲ್ಲಿಸದೆ ಸ್ವಲ್ಪ ಕೆಳಗೇ ಬಿಟ್ಟೆವು. ಕಾಂಕ್ರೀಟಿನ ಜೋಡಣೆಯೂ ಗಾರೆಯ ಜೋಡಣೆಯೂ ಒಂದೇ ಗೆರೆಗೆ ಬರಬಾರದು. ಮರುದಿನ ಮೇಸ್ತ್ರಿ ಸಣ್ಣ ಸುತ್ತಿಗೆ ಹಿಡಿದು ಗೋಡೆಯುದ್ದಕ್ಕೂ ಬಡಿಯುತ್ತಾ ಹೋದರು. ತುಂಬಿದ ಕಡೆ ದಪ್ಪ ಸದ್ದು, ಟೊಳ್ಳು ಉಳಿದರೆ ಮಡಕೆಯ ಸದ್ದು. ಎರಡು ಕಡೆ ಟಣ್ ಅಂದಿತು. ಅಲ್ಲಿ ಒಡೆದು ಮತ್ತೆ ತುಂಬಿದೆವು. ಕಬ್ಬಿಣ ದಂಡ ಅಂದಿದ್ದ ಮನುಷ್ಯ ಅಷ್ಟು ಹೊತ್ತಿಗೆ ನನಗಿಂತ ಜಾಸ್ತಿ ಕಟ್ಟುನಿಟ್ಟಾಗಿದ್ದರು.

ಪೈಪುಗಳೆಲ್ಲ ಇದಕ್ಕಿಂತ ಮೊದಲೇ ಗೋಡೆಯಲ್ಲಿ ಕೂತಿರಬೇಕು. ಆಮೇಲೆ ಕೊರೆಯುವುದು ಬೇಡ. ನೆಲದಲ್ಲಿ ನೀರೆಳೆಯುವ ಬಾಯಿ ಒಂದೇ ಇದ್ದರೆ ಕೂದಲೋ ಕೈಯೋ ಸಿಕ್ಕಿಕೊಳ್ಳುವ ಅಪಾಯ ಇದೆ. ಎರಡು ಬಾಯಿ ದೂರ ದೂರ ಇಟ್ಟು ಒಂದೇ ಪೈಪಿಗೆ ಸೇರಿಸಿ.

ಸಾರಣೆಗೆ ಮುಂಚೆ ನೆಲ ಮತ್ತು ಗೋಡೆ ಕೂಡುವ ಮೂಲೆಗೆ ಗಾರೆಯಿಂದ ಬಾಗು ಕೊಟ್ಟೆವು. ಚೂಪು ಮೂಲೆಯಲ್ಲಿ ವಾಟರ್‌ಪ್ರೂಫಿಂಗ್ ಬಿರಿಯುತ್ತದೆ. ಸಾರಣೆ ಒಣಗಿದ ಮೇಲೆ ಪಾಲಿಮರ್ ಸೇರಿದ ಸಿಮೆಂಟ್ ಲೇಪ ಎರಡು ಕೋಟ್, ಒಂದು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ.

ಟೈಲ್ಸ್ ಹಾಕುವ ಮೊದಲು, ಹೊರಗೆ ಮಣ್ಣು ತುಂಬುವ ಮೊದಲು, ನೀರು ತುಂಬಿ ನೋಡಬೇಕು. ಗೋಡೆ ಬರಿಮೈಯಲ್ಲಿ ಇದ್ದಾಗ ಎಲ್ಲಿ ಒದ್ದೆಯಾಯಿತು ಅಂತ ಕಣ್ಣಿಗೆ ಕಾಣುತ್ತದೆ. ದಿನಕ್ಕೆ ಮುಕ್ಕಾಲು ಮೀಟರಿಗಿಂತ ಬೇಗ ಏರಿಸಬೇಡಿ. ನೀರು ಇಳಿದರೆ ಸೋರಿದ್ದೋ ಬಿಸಿಲಿಗೆ ಆರಿದ್ದೋ ಅನ್ನುವ ಜಗಳ ಮನೆಯಲ್ಲಿ ಖಂಡಿತ ಬರುತ್ತದೆ. ಅದಕ್ಕೆ ಬಕೆಟ್ ಸಾಕು. ಕೊಳದ ಮೆಟ್ಟಿಲ ಮೇಲೆ ನೀರಿನಲ್ಲಿ ಅರ್ಧ ಮುಳುಗುವ ಹಾಗೆ ಬಕೆಟ್ ಇಟ್ಟು, ಒಳಗೂ ಹೊರಗೂ ನೀರಿನ ಮಟ್ಟಕ್ಕೆ ಗುರುತು ಹಾಕಿ. ಎರಡೂ ಒಂದೇ ಅಳತೆಗೆ ಇಳಿದರೆ ಆರಿದ್ದು. ಕೊಳದ್ದು ಜಾಸ್ತಿ ಇಳಿದರೆ ಸೋರಿದ್ದು. ನಮ್ಮಲ್ಲಿ ಒಂದು ಪೈಪಿನ ಸುತ್ತ ತೇವ ಕಂಡಿತು, ಸರಿಮಾಡಿ ಮತ್ತೆ ತುಂಬಿದೆವು. ಹೊರಗಿನ ಮಣ್ಣನ್ನು ಒಳಗೆ ನೀರು ಇರುವಾಗಲೇ ತೆಳು ತೆಳುವಾಗಿ ಹಾಕಿ ದಮ್ಮಸ್ ಮಾಡಿದ್ದು, ಎರಡು ಕಡೆಯ ಒತ್ತಡ ಸರಿತೂಗಲಿ ಅಂತ. ಇದೆಲ್ಲ ಮೇ ಕೊನೆಗೆ ಬರುವ ಪತ್ತನಾಜೆಯೊಳಗೆ ಮುಗಿಯಬೇಕಿತ್ತು. ಆಮೇಲೆ ನಮ್ಮ ಮಳೆ ಯಾರಿಗೂ ಕಾಯುವುದಿಲ್ಲ. ಗೋಡೆಯನ್ನು ಅಂಗಳಕ್ಕಿಂತ ಒಂದು ಅಡಿ ಎತ್ತರ ಮಾಡಿದ್ದೂ ಅಂಗಳದ ಕೆಸರು ನೀರು ಕೊಳಕ್ಕೆ ನುಗ್ಗಬಾರದು ಅಂತಲೇ.

ಟೈಲ್ಸಿನ ಸಂದಿಗೆ ಸಿಮೆಂಟಿನ ಬದಲು ಎಪಾಕ್ಸಿ ಅಂಟು ಹಾಕಿಸಿ, ದುಬಾರಿಯಾದರೂ. ಕೆಂಪುಮಣ್ಣಿನ ನಮ್ಮ ಬಾವಿ ನೀರಿನ ಪಿಎಚ್ ಹೆಚ್ಚಾಗಿ 7ಕ್ಕಿಂತ ಕೆಳಗೆ, ಅಂದರೆ ಆಮ್ಲ ಗುಣದ್ದು. ಅಂಥ ನೀರು ಸಿಮೆಂಟನ್ನು ಮೆಲ್ಲಗೆ ತಿನ್ನುತ್ತದೆ. ಮಳೆ ಬಂದರೆ ನೀರು ಇನ್ನೂ ತೆಳು. ಆಗ ಅಡುಗೆ ಸೋಡ ಹಾಕಿ ಸರಿ ಮಾಡುತ್ತೇನೆ. ಪಿಎಚ್ 7.2ರಿಂದ 7.6, ಕ್ಲೋರಿನ್ ಲೀಟರಿಗೆ 1ರಿಂದ 3 ಮಿಲಿಗ್ರಾಂ, ಇಷ್ಟು ಕಾಯ್ದುಕೊಂಡರೆ ನೀರು ಹಸಿರಾಗುವುದಿಲ್ಲ. ಮರಳಿನ ಫಿಲ್ಟರ್, ಗಂಟೆಗೆ 7,000 ಲೀಟರ್ ಎತ್ತುವ ಪಂಪ್, ಆರು ಗಂಟೆಗೆ ಕೊಳದ ನೀರು ಒಂದು ಸುತ್ತು. ಮಳೆಗಾಲದಲ್ಲಿ ಕಪ್ಪೆಗಳದ್ದೇ ಕಾರುಬಾರು, ತೇಲುವ ಕಸ ಹಿಡಿಯುವ ಸ್ಕಿಮ್ಮರ್ ಬುಟ್ಟಿಯನ್ನು ದಿನಾ ಬೆಳಿಗ್ಗೆ ನೋಡಲೇಬೇಕು. ಪಂಪಿನ ಲೈನಿಗೆ, ಕರೆಂಟ್ ಸೋರಿದರೆ ತಕ್ಷಣ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಸುತ್ತಲೂ ಮಕ್ಕಳು ಹತ್ತಲಾಗದ ಬೇಲಿ, ಚಿಲಕ ಇರುವ ಗೇಟು. ಇವುಗಳಲ್ಲಿ ಉಳಿತಾಯ ಮಾಡಲಿಲ್ಲ.

ಖರ್ಚು ಎಷ್ಟು ಅಂತ ಕೇಳುವವರಿಗೆ: ಬ್ಲಾಕಿಗೆ ಹೋದದ್ದು ತೀರಾ ಕಮ್ಮಿ. ಕಬ್ಬಿಣ, ಟೈಲ್ಸ್, ಫಿಲ್ಟರ್ ಇವೇ ಜೇಬು ಖಾಲಿ ಮಾಡುವವು.

ಈಗ ಕೊಳ ನೋಡಿದ ಸಂಬಂಧಿಕರೊಬ್ಬರಿಗೆ ಇದೇ ಥರದ್ದು ಬೇಕಂತೆ, ಆದರೆ ಎಂಟಡಿ ಆಳ. ಅಂದರೆ ನಮ್ಮದರ ಹತ್ತಿರ ಹತ್ತಿರ ಎರಡು ಪಟ್ಟು. ಆಳ ಎರಡು ಪಟ್ಟಾದರೆ ಗೋಡೆಯ ಮೇಲಿನ ಒಟ್ಟು ತಳ್ಳಾಟ ನಾಲ್ಕು ಪಟ್ಟು, ಬುಡವನ್ನು ಬಗ್ಗಿಸುವ ಬಲ ಎಂಟು ಪಟ್ಟು. “ಭಾವ, ಎಂಟಿಂಚಿನ ಬ್ಲಾಕಿನಲ್ಲಿ ಅದು ಬೇಡ. ಅಷ್ಟು ಆಳವೇ ಬೇಕು ಅಂದರೆ ಆರ್‌ಸಿಸಿ ಗೋಡೆ ಹಾಕಿಸಿ” ಅಂದೆ. ಅವರಿನ್ನೂ ಯೋಚನೆ ಮಾಡುತ್ತಿದ್ದಾರೆ.