ಇಟ್ ಟೇಕ್ಸ್ ಟೂ ಮುಗೀತು, ಮುಂದ ಯಾವ ಆಟ?

ನಾನೂ ನಮ್ಮ ವೈನಿನೂ ಕೂಡಿ ಆಡೋ ಮಂದಿ. ನಾ ಹುಬ್ಬಳ್ಳ್ಯಾಗ, ಅವರು ಧಾರವಾಡದ ಮಾಳಮಡ್ಡ್ಯಾಗ. ರವಿವಾರ ಬ್ಯಾಗಿನಾಗ ಎರಡನೇ ಕಂಟ್ರೋಲರ್ ಹಾಕ್ಕೊಂಡು ಚಿಗರಿ ಬಸ್ ಹತ್ತಿದೆ ಅಂದ್ರ ಅಣ್ಣಗ ಗೊತ್ತು, ಇವತ್ತ ಟಿವಿ ತನಗ ಸಿಗೂದಿಲ್ಲ ಅಂತ.

ಇಟ್ ಟೇಕ್ಸ್ ಟೂ ಅಂದ್ರ ಇಬ್ಬರು ಕೂಡೇ ಆಡೋ ವಿಡಿಯೋ ಗೇಮ್, 2021ರಾಗ ಬಂದದ್ದು. ಸ್ವೀಡನ್ನಿನ ಹೇಜ್‌ಲೈಟ್ ಸ್ಟುಡಿಯೋದವರು ಮಾಡಿದ್ದು. ಅದನ್ನ ಮುಗಿಸಿದವರೆಲ್ಲಾ ಅಂಥಾದ್ದ ಇನ್ನೊಂದು ಹುಡುಕ್ತಾರ. ನೆಟ್ಟಿನಾಗ ಹಂಗ ಹುಡುಕಿದ್ರ ಇಬ್ಬರು ಆಡಬಹುದಾದ ಆಟ ಎಲ್ಲಾ ಒಂದ ಗಂಟಿನಾಗ ಬರ್ತಾವ: ಅಡಗಿ ಮಾಡೋದು, ಕಾರ್ ಓಡಸೋದು, ಗುಂಡು ಹೊಡಿಯೋದು. ಅದಕ್ಕ ಹುಡುಕೋಕಿಂತ ಮೊದಲ, ಆ ಆಟದಾಗ ನಿಮ್ಮಿಬ್ಬರನ್ನ ಹಿಡಿದು ಕೂಡ್ರಿಸಿದ್ದು ಏನು ಅಂತ ಮಾತಾಡ್ಕೋರಿ.

ನಮ್ಮನ್ನ ಹಿಡಿದದ್ದು ಮೊಳಿ ಮತ್ತ ಸುತ್ತಿಗಿ. ಆಟದಾಗಿನ ಗಂಡ-ಹೆಂಡತಿ ಕೋಡಿ ಮತ್ತ ಮೇ; ಶೆಡ್ಡಿನ ಭಾಗದಾಗ ಕೋಡಿ ಕೈಯಾಗ ಮೊಳಿ, ಮೇ ಕೈಯಾಗ ಸುತ್ತಿಗಿ. ಕೋಡಿ ಕಟ್ಟಿಗಿ ಗ್ವಾಡಿಗೆ ಮೊಳಿ ಒಗದ್ರ ಮಾತ್ರ ಮೇ ಸುತ್ತಿಗಿ ಸಿಗಿಸಿ ಜೋಕಾಲಿ ಆಡಿ ದಾಟ್ತಾಳ. ‘ಇನ್ನೊಂಚೂರು ಮ್ಯಾಲೆ ಹೊಡೀರಿ ವೈನಿ’ ಅಂತ ನಾ ಒದರೋದು, ‘ತಡಿ, ನೀ ಜಿಗೀಬ್ಯಾಡ’ ಅಂತ ಅವರು ಒದರೋದು. ಒಬ್ಬರು ನಿಂತ್ರ ಇನ್ನೊಬ್ಬರೂ ನಿಂತಂಗ. ನನ್ನ ಪ್ರಕಾರ ಇದ ಮುಖ್ಯ ಪರೀಕ್ಷೆ. ಯಾವದ ಆಟ ಇರಲಿ, ಯೂಟ್ಯೂಬಿನಾಗ ಅದರ ನಡುವಿನ ಹತ್ತು ನಿಮಿಷ ಹಚ್ಚಿ ನೋಡ್ರಿ. ಒಬ್ಬರು ಸುಮ್ಮನ ನಿಂತಾಗ ಇನ್ನೊಬ್ಬರು ಆರಾಮ ಮುಂದ ಹೋಗ್ತಿದ್ರ, ಅದು ಎಷ್ಟ ಚಂದ ಇದ್ರೂ ನೀವು ಹುಡುಕ್ತಿರೋದು ಅದಲ್ಲ. ಟ್ರೇಲರ್ ನೋಡಿ ಇದು ತಿಳಿಯೂದಿಲ್ಲ, ಟ್ರೇಲರಿನಾಗ ಎಲ್ಲಾರೂ ಕೂಡೇ ಓಡ್ತಿರ್ತಾರ.

ಇನ್ನ ಕೂಡೋ ಜಾಗ. ಒಂದ ಸೋಫಾದ ಮ್ಯಾಲೋ, ಬ್ಯಾರೆ ಬ್ಯಾರೆ ಊರಾಗೋ? ಕಂಪ್ಯೂಟರ್ ಆಟ ಮಾರೋ ಸ್ಟೀಮ್ ಸೈಟಿನಾಗ ಆಟದ ಪುಟದ ಬಲಕ್ಕ ‘ಶೇರ್ಡ್/ಸ್ಪ್ಲಿಟ್ ಸ್ಕ್ರೀನ್ ಕೋ-ಆಪ್’ (ಒಂದ ಪರದೆ ಮ್ಯಾಲೆ ಕೂಡಿ ಆಡೋದು), ‘ಆನ್‌ಲೈನ್ ಕೋ-ಆಪ್’ (ನೆಟ್ ಮ್ಯಾಲೆ ಕೂಡಿ ಆಡೋದು) ಅಂತ ಬರದಿರ್ತದ. ಮೊದಲ ಅದನ್ನ ನೋಡ್ರಿ, ಬೆಲಿ ಆಮ್ಯಾಲೆ. ಸ್ಪ್ಲಿಟ್ ಸ್ಕ್ರೀನ್ ಅಷ್ಟ ಇದ್ದು ಆನ್‌ಲೈನ್ ಇಲ್ಲಂದ್ರ, ‘ರಿಮೋಟ್ ಪ್ಲೇ ಟುಗೆದರ್’ ಅದನೋ ಇಲ್ಲೋ ಹುಡುಕ್ರಿ; ಅದಿದ್ರ ಒಬ್ಬರ ಹತ್ರ ಆಟ ಇದ್ರ ಸಾಕು, ಇನ್ನೊಬ್ಬರು ನೆಟ್ ಮ್ಯಾಲೆ ಕೂಡಿಕೋಬಹುದು. ಹೇಜ್‌ಲೈಟ್‌ನವರದು ಇನ್ನೂ ಚಲೋ ವ್ಯವಸ್ಥಾ. ‘ಫ್ರೆಂಡ್ಸ್ ಪಾಸ್’ ಅಂತ ಅದ, ಒಬ್ಬರು ಕೊಂಡ್ರ ಇನ್ನೊಬ್ಬರು ಪುಕ್ಕಟೆ ಆಡಬಹುದು. ಆದ್ರ ಪುಕ್ಕಟೆ ಆಡೋರೂ ಪೂರಾ ಆಟ ಇಳಿಸಿಕೋಬೇಕು, ಇಟ್ ಟೇಕ್ಸ್ ಟೂಕ್ಕ 50 ಜಿಬಿ ಜಾಗ ಬೇಕು. ರಾತ್ರಿನ ಹಚ್ಚಿ ಮಲಗ್ರಿ.

ಹುಡುಕೋ ಜಾಗದ ಬಗ್ಗೆ ಭಾಳ ಹೇಳೋದಿಲ್ಲ. ಸ್ಟೀಮಿನಾಗ ‘ಸ್ಟೋರಿ ರಿಚ್’, ‘ಕೋ-ಆಪ್ ಕ್ಯಾಂಪೇನ್’ ಎರಡೂ ಟ್ಯಾಗ್ ಕೂಡಿಸಿ ಹುಡುಕ್ರಿ. ಕೋ-ಆಪ್ಟಿಮಸ್ ಅನ್ನೋ ಸೈಟಿನಾಗ ಎಷ್ಟು ಮಂದಿ, ಒಂದ ಪರದೆನೋ ಏನು ಅಂತ ಸೋಸಿ ನೋಡಬಹುದು. ಎಷ್ಟ ತಾಸಿನ ಆಟ ಅನ್ನೋದಕ್ಕ ಹೌಲಾಂಗ್‌ಟುಬೀಟ್ ಅದ.

ಈಗ ಆಟಗಳಿಗೆ ಬರೋಣ. ಕಣ್ಣು ಮುಚ್ಚಿ ಹೇಳೋದು ಸ್ಪ್ಲಿಟ್ ಫಿಕ್ಷನ್, ಅದ ಸ್ಟುಡಿಯೋದ್ದು, 2025. ಇಬ್ಬರು ಬರಹಗಾರ್ತಿಯರು: ಮಿಯೋ ವಿಜ್ಞಾನದ ಕಥಿ ಬರಿಯಾಕಿ, ಝೋಯಿ ಮಾಯಾಲೋಕದ ಕಥಿ ಬರಿಯಾಕಿ. ಇಬ್ಬರೂ ಒಬ್ಬರ ಕಥ್ಯಾಗ ಒಬ್ಬರು ಸಿಗಿಬೀಳ್ತಾರ. ಬೆರಳಿಗೆ ಹಿಂದಿನದಕ್ಕಿಂತ ಬಿರುಸು, ಆದ್ರ ಭಾಳ ಕಠಿಣ ಆತಂದ್ರ ಆ ತುಣುಕು ಬಿಟ್ಟು ಮುಂದಿನ ಚೆಕ್‌ಪಾಯಿಂಟಿಗೆ (ಮುಂದಿನ ಹಂತಕ್ಕ) ಜಿಗಿಯೋ ಸವಲತ್ತು ಮೆನುದಾಗ ಅದ. ಅವರದ ಎ ವೇ ಔಟ್ (2018) ಜೈಲು ಒಡದು ಹೋಗೋ ಇಬ್ಬರ ಕಥಿ, ಸಣ್ಣದು, ಎರಡು ಸಂಜಿಗೆ ಮುಗೀತದ. ಸಣ್ಣ ಹುಡುಗರ ಮುಂದ ಆಡಬ್ಯಾಡ್ರಿ. ಹಂಗ ನೋಡಿದ್ರ ಇಟ್ ಟೇಕ್ಸ್ ಟೂದಾಗ ಗೊಂಬಿ ಆನಿಗೆ ಹಿಂಸಾ ಕೊಡೋ ಪ್ರಸಂಗನೂ ಹುಡುಗರ ಮುಂದ ಆಡೋದಲ್ಲ. ವೈನಿ ಅವತ್ತ ಕಂಟ್ರೋಲರ್ ಕೆಳಗಿಟ್ಟು ಒಳಗ ಹೋಗಿಬಿಟ್ಟಿದ್ರು.

ಜೊತಿಗಿರೋರಿಗೆ ರೂಢಿ ಇಲ್ಲಂದ್ರ ಅನ್‌ರಾವೆಲ್ ಟೂ ನೋಡ್ರಿ. ಎರಡು ಉಲ್ಲನ್ ಗೊಂಬಿ, ನಡುವ ಒಂದು ದಾರ. ಜಿಗ್ಯಾಕ ಆಗದವರನ್ನ ಇನ್ನೊಬ್ಬರು ಬೆನ್ನಿಗೆ ಹಾಕ್ಕೊಂಡು ದಾಟಿಸಬಹುದು. ಕಥಿ ಮಾತ್ರ ತೆಳು, ಒಂದ ಮಾತೂ ಇಲ್ಲ. ಪೋರ್ಟಲ್ 2 (2011) ಹಳೇದಾದ್ರೂ ಒಗಟಿನ ವಿಷಯದಾಗ ಅದನ್ನ ಮೀರಿಸಿದ್ದು ನಾ ಕಂಡಿಲ್ಲ. ಒಂದು ತಿಳಕೋರಿ: ಅದರ ದೊಡ್ಡ ಕಥಿ ಒಬ್ಬರ ಆಡೋದು, ಇಬ್ಬರಿಗೆ ಇರೋದು ಎರಡು ರೋಬೋಟುಗಳ ಬ್ಯಾರೆ ಕಥಿ. ‘ಕೋ-ಆಪ್’ ಅಂತ ಬರದದ್ದೆಲ್ಲಾ ಪೂರಾ ಕಥಿ ಕೂಡಿ ಆಡೋದಲ್ಲ, ಕೊಳ್ಳೋಕಿಂತ ಮೊದಲ ಓದಿ ನೋಡ್ರಿ. ಬಾಲ್ಡರ್ಸ್ ಗೇಟ್ 3 ಕೂಡಿ ಆಡ್ಲಿಕ್ಕೆ ಬರ್ತದ, ಕಥಿನೂ ದಂಡಿ. ಆದ್ರ ಒಬ್ಬರು ಪಾತ್ರದ ಕೂಡ ಮಾತಾಡೋಮುಂದ ಇನ್ನೊಬ್ಬರು ಕೇಳ್ಕೋತ ಕೂಡಬೇಕು, ಇಲ್ಲಾ ತಮ್ಮ ಪಾಡಿಗೆ ಅಡ್ಡಾಡಬೇಕು, ಮುಗಿಯೋದು ತಿಂಗಳಾನುಗಟ್ಲೆ. ನನಗ ಅಷ್ಟ ತಾಳ್ಮಿ ಇಲ್ಲ.

ಬಸ್ ಹತ್ತದ ವಾರಕ್ಕ ನಮ್ಮದು ವಿ ವರ್ ಹಿಯರ್. ಮೊದಲನೇ ಭಾಗ ಸ್ಟೀಮಿನಾಗ ಪುಕ್ಕಟೆ. ಇಬ್ಬರೂ ಒಂದು ಕೋಟೆಯೊಳಗ ಬ್ಯಾರೆ ಬ್ಯಾರೆ ಖೋಲ್ಯಾಗ, ಕೈಯಾಗ ಒಂದು ವಾಕಿ-ಟಾಕಿ ಅಷ್ಟ. ನನ್ನ ಗ್ವಾಡಿ ಮ್ಯಾಲಿನ ಗುರುತು ಅವರಿಗೆ ಕಾಣೂದಿಲ್ಲ, ಅವರು ತಿರುವೋ ಹಿಡಿಕಿ ನನಗ ಕಾಣೂದಿಲ್ಲ. ‘ಬೋರಲ ಹಾಕಿದ ತಂಬಿಗಿ ಹಂಗದ ನೋಡ್ರಿ, ಮ್ಯಾಲೆ ಎರಡು ಚುಕ್ಕಿ’ ಅಂದ್ರ ಅವರು ತಮ್ಮ ಕಡೆ ಅದನ್ನ ಹುಡುಕಬೇಕು. ಇದಕ್ಕ ಮೈಕ್ ಬೇಕ ಬೇಕು, ಇಬ್ಬರದೂ ಬ್ಯಾರೆ ಕಂಪ್ಯೂಟರ್ ಬೇಕು, ಮುಂದಿನ ಭಾಗಗಳನ್ನ ಇಬ್ಬರೂ ಕೊಳ್ಳಬೇಕು.

ರೊಕ್ಕದ ಮಾತು ಒಂದು ಉಳೀತು. ಸ್ಟೀಮಿನಾಗ ಕೊಂಡ 14 ದಿನದಾಗ, ಎರಡು ತಾಸಿಗಿಂತ ಕಡಿಮಿ ಆಡಿದ್ರ ರೊಕ್ಕ ವಾಪಸ್ ಕೇಳಬಹುದು. ಅದಕ್ಕ ಇಬ್ಬರೂ ಇರೋ ದಿನಾನ ಕೊಳ್ಳರಿ, ಒಬ್ಬರ ಕೂತು ‘ಸುಮ್ಮನ ನೋಡ್ತೀನಿ’ ಅಂತ ತಾಸು ಕಳೀಬ್ಯಾಡ್ರಿ. ಚಾ ಕುಡ್ಯಾಕ ಎದ್ರ ಆಟ ಬಂದ್ ಮಾಡಿ ಏಳ್ರಿ. ಪಾಜ್ ಮಾಡಿಟ್ಟ ಹೊತ್ತೂ ಲೆಕ್ಕಕ್ಕ ಬರ್ತದ.